ಮೊದಲ ಸೇರಿಗೆ ಒಂದು ಅನ್ನುವುದಿಲ್ಲ

ಚಿಂಚೋಳಿ ಕಡೆಯ ಒಂದು ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ಓದು ಅಷ್ಟಕ್ಕಷ್ಟೆ. ಸಹಿ ಮಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು.

ನಮ್ಮ ಪಕ್ಕದ ಮನೆಯ ಮುಸಲ್ಮಾನರ ಹೆಂಗಸು ಸಂತೆಯಲ್ಲಿ ತೊಗರಿ, ಜೋಳ ಅಳೆದು ಮಾರುತ್ತಾಳೆ. ಅವಳ ಮೊಮ್ಮಗಳಿಗೆ ಆರು ವರ್ಷ. ಮನೆಯಲ್ಲಿ ಉರ್ದು, ಓಣಿಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ. ಮೂರನ್ನೂ ಕಲಸಿ ಮಾತಾಡುತ್ತಿದ್ದಳು. ನಮ್ಮ ಕಡೆ ಹಾಗೆ ಮಾತಾಡದ ಮಗು ಯಾವುದು?

ಆ ವರ್ಷ ಮೈಸೂರು ಕಡೆಯಿಂದ ಹೊಸ ಮಾಸ್ತರ ಬಂದಿದ್ದ. ಒಳ್ಳೆಯವನೇ, ಖಾರ ಮಾತ್ರ ತಿನ್ನಲಾರ. ಒಂದನೇ ಕ್ಲಾಸಿಗೆ ಸೇರಿಸಲು ಅಜ್ಜಿ ಕರೆತಂದಾಗ ಹುಡುಗಿಯ ಮುಂದೆ ಹುಣಸೆ ಬೀಜ ಇಟ್ಟು ಎಣಿಸು ಎಂದ. ಅವಳು ಒಂದೊಂದೇ ಸರಿಸುತ್ತ "ಬರ್ಕತ್, ದೋ, ತೀನ್" ಎಂದಳು. ಕನ್ನಡದಲ್ಲಿ ಹೇಳು ಎಂದರೆ "ಬರ್ಕತ್, ಎರಡು, ಮೂರು" ಎಂದಳು. ಮೂರು ಸಲ ಕೇಳಿದ, ಮೂರು ಸಲವೂ ಅದೇ.

"ಇವಳಿಗೆ ಒಂದು ಅನ್ನೋದೇ ಗೊತ್ತಿಲ್ಲ. ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರಲಿ" ಎಂದು ಅಜ್ಜಿಗೆ ಹೇಳಿಬಿಟ್ಟ.

ಅಜ್ಜಿ ನೆಟ್ಟಗೆ ನನ್ನ ಅಡುಗೆ ಕೋಣೆಗೆ ಬಂದಳು. "ಅಕ್ಕಾ, ನಮ್ಮ ಪೋರಿ ದಡ್ಡಿ ಅಂತ. ಅಕಿ ಜೋಡಿ ಆಡೋ ಪೋರಗೋಳೆಲ್ಲ ಒಂದನೇ ಕ್ಲಾಸಿನಾಗ ಕುಂತಾವ."

ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಎಬ್ಬಿಸಿದರೆ ಏಳಲಿಲ್ಲ.

"ಮೊದ್ಲ ಅಕಿ ಮೂಗು ಒರಸು" ಎಂದು ಹೇಳಿ ಮಾಸ್ತರನನ್ನು ಕರೆದೆ. "ಸರ್, ಈಟು ಇಲ್ಲಿ ಬರ್ರಿ. ಅಕ್ಕಿ ಅಳೀಲಿಕತ್ತೀನಿ, ನಿಂತು ನೋಡ್ರಿ."

ಬಂದು ನಿಂತ. ನಾನು ಸೇರು ತುಂಬಿ ಸುರಿದೆ. "ಲಾಭ, ಎರಡು, ಮೂರು..."

"ಒಂದು ಎಲ್ಲಿ ಹೋಯ್ತಮ್ಮ?"

"ಮೊದ್ಲನೇ ಸೇರಿಗಿ ಒಂದು ಅಂತಾರೇನ್ರಿ? ಒಂದು ಅಂದು ಕಾಳು ಒಂದಕ್ಕೇ ನಿಂತ್ರ ಉಣ್ಣೋರು ಏನ್ ಮಾಡ್ಬೇಕು? ಹೆಚ್ಚಲಿ ಅಂತ ನಾವು ಲಾಭ ಅಂತೀವಿ, ತೆಲುಗಿನವರು ಲಾಭಂ ಅಂತಾರ, ಇವರ ಮನ್ಯಾಗ ಬರ್ಕತ್. ಅಜ್ಜಿ ಅಳಿಯೂದು ನೋಡಿ ಕಲತದ ಅದು. ಈಗ ನನ್ನೂ ಅಂಗನವಾಡಿಗಿ ಕಳಸ್ತೀರೇನು?"

ಮಾಸ್ತರ ಕಿವಿ ಕೆರೆದುಕೊಂಡ. "ನಮ್ಮನೇಲಿ ಅಕ್ಕಿ ಪ್ಯಾಕೆಟ್ಟಲ್ಲಿ ಬರ್ತಿತ್ತಮ್ಮ. ಅಳೆಯೋದು ನೋಡೇ ಇಲ್ಲ ನಾನು."

ಸುಳ್ಳು ಹೇಳಲಿಲ್ಲ, ಅದಕ್ಕೇ ಅವನು ನನಗೆ ಸೇರಿದ್ದು. ಆಮೇಲೆ ಹುಡುಗಿಯ ಎದುರು ನೆಲಕ್ಕೇ ಕುಕ್ಕರುಗಾಲಲ್ಲಿ ಕುಳಿತು ಜೇಬಿನಿಂದ ಬೀಜ ತೆಗೆದ. "ನೋಡು ಪುಟ್ಟಾ, ಇವು ಅಳೆಯೋ ಕಾಳಲ್ಲ, ಬರೀ ಆಟದ ಬೀಜ. ಈಗ ಎಣಿಸು."

"ಒಂದು" ಎಂದಳು, ಇಷ್ಟೂ ತಿಳಿಯದೇ ಎನ್ನುವ ಹಾಗೆ. ಹತ್ತರ ತನಕ ಕನ್ನಡ. ಮುಂದೆ ಗ್ಯಾರಾ, ಬಾರಾ ಎಂದು ಉರ್ದುವಿಗೆ ಹಾರಿ, ಕಡೆಯ ಬೀಜಕ್ಕೆ ಇಪ್ಪತ್ತು ಎಂದು ಮತ್ತೆ ಕನ್ನಡಕ್ಕೆ ಬಂದಳು. ಒಂದು ಬೀಜವೂ ತಪ್ಪಲಿಲ್ಲ. ಮಾಸ್ತರ ನಕ್ಕ.

"ಸರ್, ನಾ ಎಲ್ಲಿ ಕುಂದರ್ಲಿ?"

"ಒಂದನೇ ಕ್ಲಾಸಲ್ಲಿ. ಹೋಗು."

ಚೀಲ ಬಡಿದುಕೊಳ್ಳುತ್ತ ಓಡಿದಳು. ಅವಳಜ್ಜಿ ಅಲ್ಲೇ ಕುಳಿತು ಸೆರಗಿನಿಂದ ಕಣ್ಣು ಒರಸತೊಡಗಿದಳು. ನನಗೆ ಅದೆಲ್ಲ ಆಗಿಬರುವುದಿಲ್ಲ.

"ನಿನ್ನ ಪೋರಿ ಒಳಗ ಕುಂತಾಳ" ಎಂದೆ. "ಇನ್ನ ನೀ ಯಾಕ ಕುಂತಿ? ನಡಿ, ಸಂತಿ ಹೊತ್ತಾತು."