ಜಪಾನ್ ಚನ್ನಲಿಂಗಪ್ಪನೂ ಕೊರಿಯಾದ ಬೀಗರೂ

ಚನ್ನಲಿಂಗಪ್ಪನ ಮನೆ ಚನ್ನಪಟ್ಟಣದಲ್ಲಿ, ಕಿವಿ ಮಾತ್ರ ಕನಕಪುರದಲ್ಲಿ ಎಂದು ನೆರೆಹೊರೆಯವರು ನಗುತ್ತಿದ್ದರು. ಅದು ಸುಳ್ಳಲ್ಲ. ಕನಕಪುರದ ಕಡೆಯವರು ಯಾರಾದರೂ ಬಸ್ಸಿಳಿದರೆ ಸಾಕು, ಅಂಗಡಿಗೆ ಕರೆದು ಕೂರಿಸಿ, ಅಲ್ಲಿ ಮಳೆ ಹೇಗೆ, ತೆಂಗಿನಕಾಯಿಗೆ ಏನು ಬೆಲೆ ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ ಏನೂ ಅಲ್ಲವೆಂಬಂತೆ, ನಮ್ಮ ಬೀಗರ ಅಂಗಡಿಯಲ್ಲಿ ಜನ ಇದ್ದರೇ ಎಂದು ಕೇಳುತ್ತಿದ್ದ. ಹೆಂಡತಿ ಗಿರಿಜಾಂಬ ಕಾಫಿ ತರುವಷ್ಟರಲ್ಲಿ ಮಾತು ಅಲ್ಲಿಗೆ ಬಂದು ನಿಂತಿರುತ್ತಿತ್ತು.

ಬೀಗರೆಂದರೆ ಉದಯಶಂಕರ್, ಮಗಳು ಶ್ರುತಿಯ ಮಾವ. ಇಬ್ಬರದೂ ಒಂದೇ ವ್ಯಾಪಾರ. ಟೀವಿ, ಮಿಕ್ಸಿ, ಫ್ಯಾನು, ಈಚೆಗೆ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಕನ್ಸೋಲ್. ಚನ್ನಲಿಂಗಪ್ಪನ ಬಾಯಲ್ಲಿ ಅದು ಗೇಮ್ ಡಬ್ಬ.

ಡಬ್ಬಗಳನ್ನು ತಂದುಕೊಡುವ ರಾಮನಗರದ ಸಾದಿಕ್ ಒಂದು ದಿನ ದೇಶಾಂತರದ ಸುದ್ದಿ ತೆಗೆದ. ಜಪಾನಿನಲ್ಲಿ ಇವು ಬಹಳ ಖರ್ಚಾಗುತ್ತವಂತೆ, ಪಕ್ಕದ ಕೊರಿಯಾದಲ್ಲಿ ಅಷ್ಟಿಲ್ಲವಂತೆ. ಯಾಕೆಂದು ಹೇಳಲು ಅವನು ಬಾಯಿ ತೆರೆದರೆ ಚನ್ನಲಿಂಗಪ್ಪನಿಗೆ ಕೇಳುವ ವ್ಯವಧಾನವೆಲ್ಲಿ?

"ಹಂಗಾದ್ರೆ ನಾವು ಜಪಾನು, ಬೀಗ್ರು ಕೊರಿಯಾ" ಎಂದುಬಿಟ್ಟ. ಸಂಜೆಯೊಳಗೆ ಬೀದಿಯವರ ಬಾಯಲ್ಲಿ ಅವನು ಜಪಾನ್ ಚನ್ನಲಿಂಗಪ್ಪನಾದ.

ಸಾದಿಕ್ ತಂದಿದ್ದ ಇನ್ನೊಂದು ಸುದ್ದಿ ಮಾತ್ರ ನಗುವಂಥದ್ದಲ್ಲ. ಎರಡೂ ಊರಿಗೆ ಡಬ್ಬದ ಏಜೆನ್ಸಿ ಇನ್ನು ಇಲ್ಲ, ಒಂದಕ್ಕೇ. ಆಯುಧಪೂಜೆಯೊಳಗೆ ಯಾರು ಹೆಚ್ಚು ಡಬ್ಬ ಮಾರುತ್ತಾರೋ ಅವರಿಗೆ ಮಾತ್ರ ಉಳಿಯುತ್ತದೆ. ಮಿಕ್ಸಿ ಫ್ಯಾನುಗಳನ್ನು ಜನ ಫೋನಿನಲ್ಲೇ ತರಿಸಿಕೊಳ್ಳುವ ಕಾಲ. ಡಬ್ಬವೂ ಕೈತಪ್ಪಿದರೆ ಅಂಗಡಿಯ ಬಾಗಿಲೆಳೆಯುವುದೊಂದೇ ದಾರಿ.

ನಿಮ್ಮದೆಷ್ಟು ಹೋಯಿತು ಎಂದು ಬೀಗರನ್ನೇ ಕೇಳಲು ಮಾನ ಅಡ್ಡ ಬಂತು. ಹಾಗಾಗಿ ಅವನು ಮಂಗಳವಾರ ಎರಡೂ ಊರಿನ ನಡುವಿನ ಕಬ್ಬಾಳಿಗೆ ಹೋದ. ಬೈಕಾಗಲಿ, ಬೋರಿನ ಮೋಟಾರಾಗಲಿ, ಹೊಸದೇನು ಮನೆಗೆ ಬಂದರೂ ಕಬ್ಬಾಳಮ್ಮನ ಮುಂದೆ ಹಾರ ಹಾಕಿಸದೆ ಸ್ವಿಚ್ಚು ಒತ್ತುವ ಜನ ಅಲ್ಲ ಈ ಸೀಮೆಯವರು. ಗುಡಿಯ ಹತ್ತಿರ ಕೂತರೆ ಕನಕಪುರದ ವ್ಯಾಪಾರ ತಾನಾಗಿಯೇ ಕಣ್ಣೆದುರು ಬರುತ್ತದಲ್ಲ! ಗುರುತು ಸಿಗದಿರಲೆಂದು ತಲೆಗೆ ಟವೆಲ್ ಸುತ್ತಿ ಹೂವಿನಂಗಡಿಯ ಪಕ್ಕ ಕೂತ. ಕಂಡವರೆಲ್ಲ, ಏನು ಚನ್ನಲಿಂಗಪ್ಪನವರು ಇಲ್ಲಿ ಎಂದು ಮಾತಾಡಿಸಿಯೇ ಹೋದರು.

ಕನಕಪುರದ ಕಡೆಯ ಒಂದು ಮನೆಯವರು ಬಂದರು, ಕಂಕುಳಲ್ಲಿ ಡಬ್ಬ. ಶುಕ್ರವಾರ ಇನ್ನೊಂದು ಮನೆಯವರು, ಮತ್ತೆ ಡಬ್ಬ. ಮುಂದಿನ ಮಂಗಳವಾರ ಬೇರೆಯೇ ಜನ, ಅವರ ಕೈಯಲ್ಲೂ ಡಬ್ಬ. ಕೊರಿಯಾ ಹೀಗೆ ಏರಿ ಬರುವುದನ್ನು ಕಂಡು ಜಪಾನಿನ ಮುಖ ಬಾಡಿಹೋಯಿತು.

ಅಲ್ಲಿಂದ ಮುಂದೆ ನಂಟರಿಗೆ ನೆಮ್ಮದಿಯಿಲ್ಲ. ಸೋಲೂರಿನ ಭಾವಮೈದ, ಕಲ್ಯದ ಚಿಕ್ಕಪ್ಪ, ಡಬ್ಬ ಕೊಳ್ಳಿಸದೆ ಯಾರನ್ನೂ ಬಿಡಲಿಲ್ಲ. ಪಕ್ಕದ ಮನೆಯ ರಾಧಾಮಣಿಗೆ, ಇದನ್ನು ಆಡಿದರೆ ಬೆರಳಿನ ಸೆಳೆತ ಹೋಗುತ್ತದೆ ಎಂದು ಹೇಳಿ ಮಾರಿದ. ಕೊನೆಗೆ ತಾನೇ ಒಂದು ಕೊಂಡ. ಗಿರಿಜಾಂಬ ಅದಕ್ಕೆ ಹೂಬಳ್ಳಿ ಹಾಕಿದ ಬಟ್ಟೆ ಹೊದಿಸಿ ಶೋಕೇಸಿನ ಮೇಲಿಟ್ಟು, ಆಡುವುದು ಯಾವಾಗ ಎಂದು ಕೇಳಿದಳು. ಪೂಜೆ ಆಗಲಿ ತಾಳು ಎಂದವನಿಗೆ ಪೂಜೆಗೆ ಪುರುಸೊತ್ತಾಗಲಿಲ್ಲ.

ಏಜೆನ್ಸಿ ಚನ್ನಪಟ್ಟಣಕ್ಕೇ ಉಳಿಯಿತು. ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ಅವನೂ ನೊಣಗಳೂ. ಹೊಸ ಆಟ ಬೇಕೆಂದು ಒಬ್ಬರೂ ಬರಲಿಲ್ಲ. ನಂಟರಂತೂ ದೂರದಿಂದ ಅವನನ್ನು ಕಂಡರೆ ಪಕ್ಕದ ಗಲ್ಲಿಗೆ ತಿರುಗುತ್ತಿದ್ದರು.

ಇರಲಿ, ಗೆದ್ದ ಮುಖವನ್ನಾದರೂ ಬೀಗರಿಗೆ ತೋರಿಸಿ ಬರೋಣವೆಂದು ಕನಕಪುರಕ್ಕೆ ಹೋದ. ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಬೆಂಚಿನ ಮೇಲೆ ಆಡುವವರು, ಗೋಡೆಗೊರಗಿ ಸರದಿ ಕಾಯುವವರು. ಟೀವಿಯ ಕೆಳಗೆ ಒಂದು ಡಬ್ಬ, ಅರಿಶಿನ ಕುಂಕುಮ ಪದರಗಟ್ಟಿ ಅದರ ಬಣ್ಣವೇ ಕಾಣದು.

"ಇದ್ಯಾಕ್ ಬೀಗ್ರೇ ಇದುಕ್ಕೆ ಇಷ್ಟೊಂದು ಕುಂಕುಮ?"

ಉದಯಶಂಕರ್ ಮೆಲ್ಲಗೆ ಹೇಳಿದರು. ಡಬ್ಬ ಕೊಳ್ಳುವವರು ಕಡಿಮೆ ಎಂದು ಇದೊಂದನ್ನು ಮನೆಮನೆಗೆ ಬಾಡಿಗೆಗೆ ಕೊಟ್ಟಿದ್ದರು. ಒಯ್ದವರೆಲ್ಲ, ಹಿಂದಿನ ಮನೆಯ ದೃಷ್ಟಿ ತಮಗೆ ತಾಗದಿರಲೆಂದು, ಮೊದಲು ಕಬ್ಬಾಳಿಗೆ ಹೋಗಿ ಪೂಜೆ ಮಾಡಿಸುತ್ತಿದ್ದರು. ಕೇಳುವವರು ಹೆಚ್ಚಾದ ಮೇಲೆ, ಗಂಟೆಗಿಷ್ಟೆಂದು ಇಲ್ಲೇ ಬೆಂಚು ಹಾಕಿಸಿದ್ದು.

"ತಲೆಗೆ ಟವಲ್ ಸುತ್ಕಂಡು ನೀವು ನೋಡಿದ್ದೆಲ್ಲಾ ಇದೊಂದೇ ಡಬ್ಬ ಕಣ್ರೀ. ಕೊರಿಯಾದಾಗೂ ಹಿಂಗೇ ಅಂತೆ, ಕಂಪ್ಯೂಟರ್ ಅಂಗ್ಡೀಲಿ ಕುಂತು ಆಡ್ತಾರಂತೆ. ಸಾದಿಕ್ ನಿಮ್ಗೆ ಹೇಳ್ಳಿಲ್ವಾ?"

ಚನ್ನಲಿಂಗಪ್ಪ ಬೆಂಚಿನ ತುದಿಯಲ್ಲಿ ಕೂತ. ಶ್ರುತಿ ತಂದುಕೊಟ್ಟ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ.

"ಏಜೆನ್ಸಿ ನನ್ ತಾವ ಐತೆ, ಜನ ನಿಮ್ ತಾವ ಅವ್ರೆ" ಎಂದ.

"ಪಕ್ಕದ ಮಳಿಗೆ ಖಾಲಿ ಐತೆ. ಬಂದ್ಬುಡಿ" ಎಂದರು ಬೀಗರು.

ಒಪ್ಪಿಕೊಳ್ಳಲು ಅವನಿಗೆ ಸಂಕ್ರಾಂತಿಯವರೆಗೆ ಹಿಡಿಯಿತು. ಸಾದಿಕ್‌ಗೆ ಯಾವ ಊರಾದರೇನು, ಡಬ್ಬ ಹೋದರಾಯಿತು. ಬಾಡಿಗೆ ಮನೆಯ ಸಾಮಾನು ಲಗೇಜ್ ಆಟೋ ಏರಿದ ಮೇಲೆ ಗಿರಿಜಾಂಬ ಶೋಕೇಸಿನ ಡಬ್ಬವನ್ನು ಬಟ್ಟೆಯ ಸಮೇತ ಅವನ ಕೈಗಿಟ್ಟಳು.

"ದಾರೀಲಿ ಕಬ್ಬಾಳಿಗೆ ಹೋಗ್ಬುಟ್ಟು ಹೋಗನ. ಇವತ್ತಾದ್ರೂ ಪೂಜೆ ಮಾಡ್ಸಿ, ನಾನೂ ಒಸಿ ಆಡ್ತೀನಿ."

ಹೊಸ್ತಿಲಾಚೆ ರಾಧಾಮಣಿ ನಿಂತಿದ್ದಳು. "ಏನ್ ಜಪಾನ್ ಸಾವ್ಕಾರ್ರೇ, ಎತ್ಲಾಗೆ ಹೊಂಟ್ರಿ?" ಎಂದಳು, ಗೊತ್ತಿದ್ದೂ.

"ಕೊರಿಯಾಕ್ಕೆ ಕಣಮ್ಮ. ನಿನ್ ಡಬ್ಬಾನೂ ತತ್ತಾ, ಅಲ್ಲಾದ್ರೂ ಯಾರಾನಾ ಆಡ್ತಾರೆ."

ಅವಳು ಈ ಮಾತಿಗೇ ಕಾಯುತ್ತಿದ್ದವಳಂತೆ ಒಳಗೋಡಿ ತಂದುಕೊಟ್ಟಳು. ಎರಡು ಕಂಕುಳಲ್ಲೂ ಡಬ್ಬ ಇರುಕಿಕೊಂಡು ಚನ್ನಲಿಂಗಪ್ಪ ಮೆಟ್ಟಿಲಿಳಿದ. ಬಾಗಿಲೆಳೆಯಲು ಕೈ ಬಿಡುವಿರಲಿಲ್ಲ, ಗಿರಿಜಾಂಬಳೇ ಎಳೆದಳು.