ಮೂರನೆಯ ವೈರು

ಅಕ್ಕನ ಮದುವೆಗೆ ಬಾಡಿಗೆಗೆ ತಂದ ಗ್ರೈಂಡರ್ ಹಸಿರು ಬಣ್ಣದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕ ನೀಲಿ ಎನ್ನುತ್ತಾಳೆ. ಹಸಿರಾಗಿದ್ದದ್ದು ಗ್ರೈಂಡರ್ ಅಲ್ಲ, ಅದರಿಂದ ಹೊರಬಂದಿದ್ದ ಮೂರನೆಯ ವೈರು ಇರಬಹುದು ಎಂದು ಈಚೆಗೆ ನನಗೇ ಅನುಮಾನ. ಆ ವೈರನ್ನು ಕತ್ತರಿಸಿದವನು ನಾನು. ಅದರಲ್ಲಿ ಅನುಮಾನವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ನಮ್ಮ ಮನೆಯ ಮುಂದೆ ಚಪ್ಪರ, ಹಿತ್ತಲಲ್ಲಿ ಅಡುಗೆ. ತೆಂಗಿನ ಗರಿಯ ಕೆಳಗೆ ಅಡುಗೆ ಅಯ್ಯನವರು ಇಟ್ಟಿಗೆ ಜೋಡಿಸಿ ಮೂರು ಒಲೆ ಹೂಡಿದ್ದರು. ನಾನು ಆಗಷ್ಟೇ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಯಾವುದನ್ನೂ ನಂಬದೆ ಮನೆಯಲ್ಲಿ ಕೂತಿದ್ದೆ. ಕರೆಂಟಿನ ಕೆಲಸವೆಲ್ಲ ಇವನದು ಎಂದು ಅಪ್ಪ ನೆಂಟರ ಮುಂದೆ ಹೇಳಿಬಿಟ್ಟರು.

ಗ್ರೈಂಡರಿನ ಪ್ಲಗ್ಗಿಗೆ ಮೂರು ಕಾಲು, ನಮ್ಮ ಹಿತ್ತಲ ಬಾಗಿಲ ಬಳಿಯ ಸಾಕೆಟ್ಟಿಗೆ ಎರಡೇ ತೂತು. ನಾನು ಯೋಚಿಸಿದೆ. ಕರೆಂಟು ಒಂದು ವೈರಿನಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಮೂರನೆಯದರಲ್ಲಿ ಏನೂ ಹರಿಯುವುದಿಲ್ಲ. ಏನೂ ಹರಿಯದ ವೈರು ಯಾತಕ್ಕೆ? ಅದನ್ನು ಕತ್ತರಿಸಿ, ಎರಡು ಕಾಲಿನ ಪ್ಲಗ್ ಹಾಕಿದೆ. ಕಲ್ಲು ಗರಗರ ತಿರುಗಿತು. ಅಪ್ಪ ನೆಂಟರ ಕಡೆ ನೋಡಿದರು.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ರುಬ್ಬುವುದಕ್ಕೆಂದು ಅಯ್ಯನವರ ಜೊತೆ ಹೆಗ್ಗನಹಳ್ಳಿಯಿಂದ ಬಂದಿದ್ದ ಹೆಂಗಸು ಇಡ್ಲಿಯ ಉದ್ದು ಹಾಕಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಮುಟ್ಟಿದ್ರೆ ಜುಮ್ ಅಂತದೆ ಕಣಪ್ಪಾ. ಇರುವೆ ಕಚ್ಚಿದಂಗೆ."

ನಾನು ಹವಾಯಿ ಚಪ್ಪಲಿ ಚಟಪಟ ಎನ್ನಿಸುತ್ತ ಹೋಗಿ ಪಾತ್ರೆಯ ಅಂಚು ಮುಟ್ಟಿದೆ. ಏನೂ ಇಲ್ಲ. ಬೂಟು ಹಾಕಿಕೊಂಡೇ ಓಡಾಡುತ್ತಿದ್ದ ಅಪ್ಪನೂ ಮುಟ್ಟಿದರು. ಏನೂ ಇಲ್ಲ. ಹೊಸ ಯಂತ್ರ ಕಂಡಾಗ ಮನಸ್ಸು ಹೇಗೆ ತನಗೆ ತಾನೇ ಹೆದರಿಕೆ ಹುಟ್ಟಿಸಿಕೊಳ್ಳುತ್ತದೆ ಎಂದು ಅವಳಿಗೆ ವಿವರಿಸಿದೆ. ಸುಮಾರು ಹೊತ್ತು ವಿವರಿಸಿದೆ ಎಂದು ನೆನಪು. ಅವಳು ಬರಿಗಾಲಲ್ಲಿ, ಉದ್ದು ತೊಳೆದ ನೀರು ನಿಂತಿದ್ದ ಮಣ್ಣಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಯಂತ್ರವನ್ನು ಮಾತ್ರ ಮುಟ್ಟಲಿಲ್ಲ.

ಮಧ್ಯಾಹ್ನವಾದರೂ ಉದ್ದು ನೆನೆದೇ ಇತ್ತು. ಅಯ್ಯನವರ ತಾಳ್ಮೆ ಮುಗಿಯಿತು. ಒರಳು ಬಿಟ್ಟರೆ ಇವಳಿಗೆ ಇನ್ನೇನೂ ಒಗ್ಗುವುದಿಲ್ಲ, ಮೈಗಳ್ಳತನಕ್ಕೆ ಕರೆಂಟಿನ ನೆಪ ಎಂದು ನಮ್ಮೆಲ್ಲರ ಎದುರಿಗೇ ಅಂದರು.

"ರುಬ್ಬೋದಾದ್ರೆ ರುಬ್ಬು. ಇಲ್ಲಾ ಮಾಗಡಿ ರೋಡ್ ಬಸ್ ಹತ್ತು. ಇನ್ಮೇಲೆ ನನ್ನ ಅಡುಗೆಗೆ ಬರೋದೇ ಬೇಡ."

ಅವಳು ಸೆರಗು ಸಿಕ್ಕಿಸಿಕೊಂಡಳು. ಹನ್ನೆರಡು ವರ್ಷದಿಂದ ನಿಮ್ಮ ಜೊತೆ ರುಬ್ಬುತ್ತಿದ್ದೇನೆ, ಒಂದು ದಿನ ಸುಳ್ಳು ಹೇಳಿದ್ದುಂಟಾ ಎಂದು ಕೇಳಿದಳು. ಅಯ್ಯನವರು ಒಲೆಗೆ ಸೌದೆ ತುರುಕಿದರು.

"ಹೋಯ್ತೀನಿ. ಆದ್ರೆ ಈ ಯಪ್ಪ ಇನ್ನೊಂದ್ಸಲ ಮುಟ್ಟಿ ತೋರಿಸ್ಲಿ."

ನಾನು ಖುಷಿಯಿಂದಲೇ ಹೊರಟೆ. ಪ್ರಯೋಗ ಎಂದಮೇಲೆ ಎರಡು ಸಲ ಮಾಡಬೇಕು. ಗರಿಯ ಕೆಳಗೆ ಕಾಲಿಡುವಷ್ಟರಲ್ಲಿ ಅಯ್ಯನವರು ತಡೆದರು.

"ಈಗ ಒಲೆ ಪೂಜೆ ಆಗಿದೆ. ಚಪ್ಪಲಿ ಅಲ್ಲೇ ಬಿಡಿ."

ಬಿಟ್ಟೆ. ಸ್ವಿಚ್ಚು ಹಾಕಿಸಿದೆ. ಒದ್ದೆ ಮಣ್ಣು ತಣ್ಣಗಿತ್ತು. ಎಲ್ಲರಿಗೂ ಕಾಣಲಿ ಎಂದು ಪಾತ್ರೆಯ ಅಂಚನ್ನು ಗಟ್ಟಿಯಾಗಿ ಹಿಡಿದೆ.

ಬೆಳಿಗ್ಗೆಯ ಇರುವೆ ಅಷ್ಟರಲ್ಲಿ ಚೇಳಾಗಿತ್ತು. ಬಿಡಬೇಕು ಎಂದುಕೊಂಡರೂ ಕೈ ಬಿಡಲೊಲ್ಲದು. ನಾನು ಕೂಗಲಿಲ್ಲ ಎಂದು ನನ್ನ ನೆನಪು. ಬೀದಿಯ ತುದಿಯ ಹಿಟ್ಟಿನ ಗಿರಣಿಯವರು ಬಂದು ವಿಚಾರಿಸಿದರು ಎಂದು ಅಕ್ಕನ ನೆನಪು. ಆ ಹೆಂಗಸು ಗೋಡೆಗೆ ಒರಗಿಸಿದ್ದ ಒಣ ಮುದ್ದೆಕೋಲು ತೆಗೆದು ನನ್ನ ಮೊಣಕೈಗೆ ಒಂದು ಬಾರಿಸಿದಳು. ಕೈ ಬಿಟ್ಟುಕೊಂಡಿತು. ಒಂದೇ ಏಟು ಸಾಕಾಗಿತ್ತು. ಎರಡನೆಯದನ್ನು ಯಾಕೆ ಕೊಟ್ಟಳೋ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಮೇನ್ ಸ್ವಿಚ್ ಆರಿಸಿ, ಪಕ್ಕದ ರಸ್ತೆಯ ವೈರಿಂಗ್ ಕೆಲಸದವರನ್ನು ಕರೆತಂದರು. ಅವರು ಯಂತ್ರವನ್ನು ಮಗುಚಿ ನೋಡಿದರು. ಒಳಗೆ ಒಂದು ವೈರಿನ ರಬ್ಬರು ಸವೆದು ತಗಡಿಗೆ ತಾಗಿತ್ತು, ನೀರೂ ಇಳಿದಿತ್ತು. ಆಮೇಲೆ ಪ್ಲಗ್ ಬಿಚ್ಚಿದರು.

"ಮೂರನೇ ವೈರು ಕಟ್ ಮಾಡಿದ ಬೃಹಸ್ಪತಿ ಯಾರು?"

ನಾನು ತೆಂಗಿನ ಗರಿಗಳನ್ನು ನೋಡುತ್ತಿದ್ದೆ. ಅಪ್ಪ ಮೆಲ್ಲಗೆ, "ನಾನೇ ಓದಿಸಿದ್ದು" ಅಂದರು.

"ಮಿಷಿನ್ ಮೈಗೆ ಬಂದ ಕರೆಂಟು ಮಣ್ಣಿಗೆ ಹೋಗೋಕೆ ದಾರಿ ಬೇಕು ಸಾರ್," ಎಂದು ವೈರಿಂಗಿನವರು ನನಗೆ ಹೇಳಿದರು. "ವೈರು ಇಲ್ಲ ಅಂದ್ರೆ ಮನುಷ್ಯನೇ ವೈರು."

ಇದು ನನ್ನ ಪಠ್ಯದಲ್ಲೂ ಇತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟಿದ್ದೆ.

ಅವರು ಸವೆದ ವೈರು ಬದಲಾಯಿಸಿ, ಮೀಟರ್ ಬೋರ್ಡಿನಿಂದ ಅರ್ತ್ ವೈರು ಎಳೆದು ಮೂರು ತೂತಿನ ಸಾಕೆಟ್ ಕೂರಿಸಿ, ಮೂರು ಕಾಲಿನ ಪ್ಲಗ್ಗನ್ನು ಮತ್ತೆ ಹಾಕಿದರು. ಒಣಗಿದ ಜಾಗಕ್ಕೆ ಯಂತ್ರವನ್ನು ಸರಿಸಿ, ಅದರ ಮುಂದೆ ಒಂದು ಮರದ ಹಲಗೆ ಹಾಕಿಸಿದರು. ಅಯ್ಯನವರು ತಾವೇ ಒಂದು ಲೋಟ ಕಾಫಿ ತಂದು ಆ ಹೆಂಗಸಿನ ಕೈಗೆ ಕೊಟ್ಟರು. ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು ಅವಳು ನನ್ನ ಕಡೆ ತಿರುಗಿದಳು.

"ಮೊದ್ಲು ನೀನು ಮುಟ್ಟಪ್ಪ. ಚಪ್ಲಿ ಬಿಟ್ಟು."

ಸ್ವಿಚ್ಚು ಹಾಕಿಸಿ ಬೆರಳಿನ ಹಿಂಬದಿ ತಾಗಿಸಿದೆ. ಏನೂ ಇಲ್ಲ. ಆಮೇಲೆ ಅವಳು ಉದ್ದು ಹಾಕಿದಳು.

ಅಷ್ಟಕ್ಕೆ ಮುಗಿಯಲಿಲ್ಲ. ಆ ದಿನವೂ ಮರುದಿನವೂ, ಪ್ರತಿ ಸಲ ರುಬ್ಬುವ ಮುಂಚೆ ನನ್ನನ್ನು ಕರೆಸಿದಳು. ಇಡ್ಲಿಗೆ, ಚಟ್ನಿಗೆ, ವಡೆಗೆ. ಸ್ವಿಚ್ಚು ಹಾಕಿ, ನಾನು ಚಪ್ಪಲಿ ಬಿಟ್ಟು ಮುಟ್ಟಿದ ಮೇಲೆಯೇ ಅವಳು ಕೈ ಹಾಕುವುದು. ನಾನೂ ಬೇಡ ಎನ್ನಲಿಲ್ಲ. ಅಷ್ಟು ಸರಿಯಾಗಿ ಅನುಮಾನಪಡುವವರನ್ನು ವಿಶ್ವವಿದ್ಯಾಲಯದಲ್ಲಿ ಕಂಡಿರಲಿಲ್ಲ.

ಇದೆಲ್ಲ ನೀನು ಕಟ್ಟಿಕೊಂಡ ಕಥೆ, ಏಟು ಬಿದ್ದದ್ದು ಸೌದೆಯಿಂದ, ಅದೂ ಒಂದೇ ಎಂದು ಅಕ್ಕ ವಾದಿಸುತ್ತಾಳೆ. ಇರಬಹುದು. ನನ್ನ ಹತ್ತಿರ ಇರುವ ದಾಖಲೆ ಒಂದೇ: ಅಕ್ಕನ ಮಾಂಗಲ್ಯಧಾರಣೆಯ ಫೋಟೊ. ಅಪ್ಪ, ಅಮ್ಮ, ಸೋದರಮಾವ, ಗಿರಣಿಯವರು ಕೂಡ ಇದ್ದಾರೆ. ನಾನಿಲ್ಲ. ಒಬ್ಬ ಫೋಟೊದಲ್ಲಿ ಇಲ್ಲದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ ಎಂದು ಬಲ್ಲೆ. ಆದರೂ ಆ ಹೊತ್ತಿಗೆ ಹಿತ್ತಲಲ್ಲಿ ವಡೆಯ ಉದ್ದು ರುಬ್ಬಬೇಕಾಗಿತ್ತು.