ಪಿಕಪ್ಪಿಗೆ ಹೊಸ ಕಣ್ಣು ಹಾಕಿಸಿದ್ದು

ಇವತ್ತು ಬೆಳಗಿನ ಜಾವ ಭೋಸರಿಯ ಕಡೆ ಹೊರಟಿದ್ದೆ. ಎದುರಿನಿಂದ ಯಾವನೋ ಪುಣ್ಯಾತ್ಮ ಬಿಳಿ ದೀಪ ಹಚ್ಚಿಕೊಂಡು ಬಂದ. ಪಾತೇಲಿ ತುಂಬ ಸುಣ್ಣದ ನೀರು ಮುಖಕ್ಕೆ ಎರಚಿದ ಹಾಗೆ ಬೆಳಕು. ರಸ್ತೆ ಹೋಯಿತು, ರಸ್ತೆಯ ಅಂಚು ಹೋಯಿತು, ನಾನು ಎಲ್ಲಿದ್ದೇನೆ ಅನ್ನುವುದೂ ಒಂದು ಕ್ಷಣ ಹೋಯಿತು. ಮೂವತ್ತು ವರ್ಷ ಪುಣೆಯಲ್ಲಿ ಗಾಡಿ ಹೊಡೆದವನಿಗೆ ಬೈಯಲು ಮೂರು ಭಾಷೆಗಳು ಸಿದ್ಧವಾಗಿಯೇ ಇರುತ್ತವೆ. ಗಾಜು ಇಳಿಸಿದೆ, ಉಸಿರು ಎಳೆದುಕೊಂಡೆ, ಬಾಯಿ ತೆರೆದೆ. ಅಷ್ಟೇ.  ಗಾಜು ಏರಿಸಿ ಸುಮ್ಮನೆ ಮುಂದೆ ಹೋದೆ.

ಏನಪ್ಪಾ, ಇಷ್ಟು ಸಾಧು ಯಾವಾಗಿನಿಂದ ಆದೆ ಎಂದು ನೀವು ಕೇಳಬಹುದು. ಸಾಧುವೂ ಅಲ್ಲ, ಸಂತನೂ ಅಲ್ಲ. ಮೂರು ವರ್ಷದ ಹಿಂದೆ ಆ ಪುಣ್ಯಾತ್ಮ ನಾನೇ ಆಗಿದ್ದೆ.

ನನ್ನದು ಕಟ್ಟಿಗೆ ಪೆಟ್ಟಿಗೆಯ ದಂಧೆ. ಭೋಸರಿಯ ಕಾರ್ಖಾನೆಗಳಲ್ಲಿ ತಯಾರಾದ ಯಂತ್ರಗಳು ದೂರದ ಊರಿಗೆ ಹೋಗುವಾಗ ಅವಕ್ಕೆ ಅಂಗಿ ತೊಡಿಸುವ ದರ್ಜಿ ನಾನು ಅನ್ನಿ. ಖಡಕಿಯ ಹತ್ತಿರ ನನ್ನದೊಂದು ಪತ್ರಾಸಿನ, ಅಂದರೆ ತಗಡಿನ, ಶೆಡ್ಡು. ಸಂಜೆ ಪೆಟ್ಟಿಗೆಗಳನ್ನು ಪಿಕಪ್ಪಿಗೆ ಹೇರಿಡುವುದು, ಬೆಳಗ್ಗೆ ಐದೂವರೆಗೆ ಹೊರಟು ಮೊದಲ ಪಾಳಿಗೆ ಮುಂಚೆ ಮುಟ್ಟಿಸುವುದು. ಗಾಡಿ ನಾನೇ ಹೊಡೆಯುತ್ತೇನೆ. ಡ್ರೈವರನನ್ನು ಇಟ್ಟುಕೊಂಡರೆ ಗಾಡಿ ಕೆಡಿಸುತ್ತಾನೆ ಎಂದು ಹೇಳಿಕೊಳ್ಳುತ್ತೇನೆ. ನಿಜ ಏನೆಂದರೆ ಎತ್ತರದ ಸೀಟಿನಲ್ಲಿ ಕೂತು ಉಳಿದವರನ್ನು ಕೆಳಗೆ ನೋಡುವ ಸುಖ ನನಗೆ ಬಿಡಲಾಗುವುದಿಲ್ಲ.

ಆ ಪಿಕಪ್ಪಿನ ದೀಪಗಳು ಮುಪ್ಪಾಗಿದ್ದವು. ಮೇಲಿನ ಪ್ಲಾಸ್ಟಿಕ್ ಹಳದಿಗಟ್ಟಿ ಮೋತಿಬಿಂದು ಬಂದು ಪೊರೆಗಟ್ಟಿದ ಕಣ್ಣಿನ ಹಾಗಿತ್ತು. ಒಂದು ಬೆಳಗ್ಗೆ ಉಬ್ಬು ಕಾಣದೆ ಗಾಡಿ ಹಾರಿ, ನಾಲ್ಕು ಪೆಟ್ಟಿಗೆ ರಸ್ತೆಯ ಪಾಲಾದವು. ಹೀಗಾಗಿ ದೀಪ ಬದಲಿಸುವ ಅಗತ್ಯವೇನೋ ಇತ್ತು. ಅಗತ್ಯಕ್ಕೆಂದು ಅಂಗಡಿ ಹತ್ತಿದವನು ಶೋಕಿ ಹೊತ್ತುಕೊಂಡು ಇಳಿದೆ, ಅದು ಬೇರೆ ಮಾತು.

ಬಲ್ಬು ಸಾಕು ಎಂದು ಹೋಗಿದ್ದೆ. ಮಿಸ್ತ್ರಿ, ಮಿತಭಾಷಿ ಮರಾಠಿ ಮನುಷ್ಯ, ಹಳೆಯ ದೀಪದ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದ. ಈ ಡಬ್ಬಿಯೊಳಗೆ ಸೂರ್ಯನನ್ನೇ ಕೂರಿಸಿದರೂ ಬೆಳಕು ಹೊರಗೆ ಬರುವುದಿಲ್ಲ, ಇಡೀ ಡಬ್ಬಿಯನ್ನೇ ಬದಲಿಸಬೇಕು ಎಂದ. ಒಳಗೆ ಗುಂಡು ಭೂತಗನ್ನಡಿ ಇರುವ ಹೊಸ ಡಬ್ಬಿ, ಅದಕ್ಕೆ ಎಲ್‌ಇಡಿ ಬಲ್ಬು. ಅಲ್ಲಿಯವರೆಗೂ ನಾನು ಬುದ್ಧಿವಂತನಾಗಿಯೇ ಇದ್ದೆ. ಆಮೇಲೆ ನನ್ನ ಕಣ್ಣು ಗೋಡೆಗೆ ತೂಗುಹಾಕಿದ್ದ ಇನ್ನೊಂದು ಜೋಡಿಯ ಮೇಲೆ ಬಿತ್ತು. ಅದರ ಭೂತಗನ್ನಡಿಯ ಸುತ್ತ ಒಂದೊಂದು ನೀಲಿ ಬೆಳಕಿನ ಉಂಗುರ. ಕಾಲೇಜು ಹುಡುಗರು ಹಾಕಿಸಿಕೊಳ್ಳುತ್ತಾರೆ ಎಂದು ಮಿಸ್ತ್ರಿ ಎಚ್ಚರಿಸಿದ. ಐವತ್ತನಾಲ್ಕು ವಯಸ್ಸಿನ, ಹೊಟ್ಟೆ ಬಂದ, ಪೆಟ್ಟಿಗೆ ಮಾರುವ ನಾನು, ಅದೇ ಬೇಕು ಎಂದೆ.

ಅದು ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ. ನಮ್ಮ ಮನೆಯಲ್ಲಿ ಒಂದು ಪದ್ಧತಿ: ಪೂಜೆಗೆಂದು ಗಾಡಿ ತೊಳೆದ ಮೇಲೆ, ಪೂಜೆ ಮುಗಿಯುವವರೆಗೆ ಅದರ ಬೆನ್ನಿಗೆ ಒಂದು ಮೊಳೆಯನ್ನೂ ಹೇರುವಂತಿಲ್ಲ. ವರ್ಷವೆಲ್ಲ ಹೊತ್ತಿದೆಯಲ್ಲ, ಎರಡು ದಿನ ಆರಾಮ ಇರಲಿ ಅಂತ. ಗಾಡಿ ತೊಳೆದೇ ಅಂಗಡಿಗೆ ತಂದಿದ್ದೆ. ಹೊಸ ದೀಪ ಕೂರಿಸಿದ ಮಿಸ್ತ್ರಿ, ಎದುರಿನ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿ, "ಲೋಡ್ ಕರೂನ್ ಆಣಾ ಸಾಹೇಬ, ಮಗ್ ಸೆಟ್ ಕರತೋ" ಎಂದ. ಮಾಲು ಹೇರಿಕೊಂಡು ಬಾ, ಆಮೇಲೆ ಸರಿಯಾಗಿ ಕೂರಿಸುತ್ತೇನೆ ಎಂದು. ಅವನ ಮಾತಿನಲ್ಲಿ ಅರ್ಥವಿತ್ತು. ಹಿಂದೆ ಭಾರ ಕೂತರೆ ಪಿಕಪ್ಪಿನ ಮೂತಿ ಮೇಲೇಳುತ್ತದೆ. ಮೂತಿ ಎದ್ದರೆ ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರಿನವರ ಮುಖಕ್ಕೆ ಬೀಳುತ್ತದೆ. ಇಷ್ಟು ವರ್ಷ ಮಾಲು ಹೊತ್ತವನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಪೂಜೆಯ ಹೊತ್ತಿಗೆ ಗಾಡಿ ಝಗಝಗ ಅನ್ನಬೇಕಿತ್ತು, ತೊಳೆದ ಗಾಡಿಗೆ ಮಾಲು ಹೇರುವಂತಿರಲಿಲ್ಲ. ಹಬ್ಬ ಮುಗಿಸಿ ಬರುತ್ತೇನೆ, ಸದ್ಯ ಖಾಲಿ ಗಾಡಿಗೇ ಹೊಂದಿಸು ಎಂದೆ. ಮಿಸ್ತ್ರಿ ಹೊಂದಿಸಿದ. ಹಬ್ಬ ಮುಗಿಯಿತು. ನಾನು ಹೋಗಲಿಲ್ಲ.

ಆಮೇಲಿನ ವಾರ ನಾನು ಗಾಡಿ ಹೊಡೆದ ಗತ್ತು ನೀವು ನೋಡಬೇಕಿತ್ತು. ಎದುರಿನ ವಾಹನಗಳು ನನ್ನ ಕಂಡೊಡನೆ ದೀಪ ಮಿಣುಕಿಸುತ್ತಿದ್ದವು. ಮೆಚ್ಚಿಕೊಂಡರು ಎಂದು ತಿಳಿದು ನಾನೂ ಮಿಣುಕಿಸುತ್ತಿದ್ದೆ. ರಿಕ್ಷಾದವರು ಕೈ ಎತ್ತಿ ಏನೋ ಕೂಗುತ್ತಿದ್ದರು. ನಾನೂ ಕೈ ಎತ್ತುತ್ತಿದ್ದೆ. ಒಂದು ಬೆಳಗ್ಗೆ ಉದ್ದನೆಯ ಕಲ್ಲುಗೋಡೆಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಎದುರು ಬಂದ. ಹಾರ್ನ್ ಹೊಡೆದೆ. ಪಕ್ಕಕ್ಕೆ ಸರಿದ. ಕನ್ನಡಿಯಲ್ಲಿ ನೋಡಿದರೆ ಕತ್ತಲು, ಯಾರೂ ಇಲ್ಲ. ಪುಣೆಯಲ್ಲೂ ದಾರಿ ಬಿಡುವ ಸಭ್ಯರಿದ್ದಾರಲ್ಲ ಎಂದು ಖುಷಿಪಟ್ಟೆ.

ಈಗ ಗುಂಡಣ್ಣನ ವಿಷಯ ಹೇಳಬೇಕು. ಸ್ವಂತ ಅಣ್ಣನಲ್ಲ, ಅದಕ್ಕಿಂತ ಹೆಚ್ಚು. ನಮ್ಮ ವಿಜಯಪುರದ ಕಡೆಯವನೇ. ಖಡಕಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಮೂವತ್ತು ವರ್ಷದ ಹಿಂದೆ ನಾನು ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಟ್ರಂಕು ಹಿಡಿದು ಇಳಿದಾಗ ಕರೆದೊಯ್ಯಲು ಬಂದವನು ಅವನು, ಸೈಕಲ್ಲಿನಲ್ಲಿ. ಟ್ರಂಕನ್ನು ಹಿಂದೆ ಕಟ್ಟಿ, ಮೀಸೆ ಬಂದ ನನ್ನನ್ನು ಮುಂದಿನ ಅಡ್ಡಪಟ್ಟಿಯ ಮೇಲೆ ಕೂರಿಸಿಕೊಂಡು ಇಡೀ ಪುಣೆ ದಾಟಿದ್ದ. ಎಪ್ಪತ್ತೆರಡರಲ್ಲೂ ಅದೇ ಸೈಕಲ್. ದಿನಾ ಬೆಳಗ್ಗೆ ಕತ್ತಲಿರುವಾಗಲೇ ಹೊರಟು ನದಿಯ ಸೇತುವೆಯವರೆಗೆ ಒಂದು ಸುತ್ತು. ಬಂದು ಚಹಾ ಕುಡಿದರೆ ಅವನ ಮಟ್ಟಿಗೆ ದಿನ ಶುರು.

ರವಿವಾರ ಅವನ ಮನೆಗೆ ಹೋಗಿ ಅವಲಕ್ಕಿ ತಿನ್ನುವುದು ನನ್ನ ವಾಡಿಕೆ. ಆ ರವಿವಾರ ದೀಪದ ಸುದ್ದಿ ಹೇಳಬೇಕು, ಎಳೆದುಕೊಂಡು ಹೋಗಿ ತೋರಿಸಬೇಕು ಎಂದು ನಾಲಿಗೆ ತುರಿಸುತ್ತ ಹೋದೆ. ನೋಡಿದರೆ ಗುಂಡಣ್ಣ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾನೆ.

ಕಲ್ಲುಗೋಡೆಯ ತಿರುವಿನಲ್ಲಿ ಬಿದ್ದೆ ಎಂದ. ಎದುರಿಗೆ ಬೆಳಕು ಬಂತು, ಕಣ್ಣು ಹೋಯಿತು, ಗಟಾರಿಗೆ ಬಿದ್ದೆ. "ಎರಡು ನೀಲಿ ಉಂಗುರ ತಮ್ಮಾ, ಗಾಳ್ಯಾಗ ತೇಲಿಕೋತ ಬಂದಂಗ ಬಂದ್ವು."

 ನನ್ನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು.

ಗುಂಡಣ್ಣನ ಹೆಂಡತಿ, ನನ್ನ ವೈನಿ, ಒಳಗಿನಿಂದ ಬಂದರು. ಉಂಗುರವಂತೆ, ನೀಲಿಯಂತೆ, ಗಾಳಿಯಲ್ಲಿ ತೇಲುತ್ತಿದ್ದವಂತೆ, ನೀವೇ ಕೇಳಿರಿ ಭಾವೋಜಿ ಎಂದು ನನಗೆ ಹೇಳಿದರು. ವಯಸ್ಸಾಗಿದೆ, ತಲೆ ಸುತ್ತಿ ಬಿದ್ದಿದ್ದಾರೆ, ಒಪ್ಪಿಕೊಳ್ಳಲು ಮನಸ್ಸಿಲ್ಲ. ಸೈಕಲ್ಲಿನ ಕೀಲಿ ದೇವರ ಗೂಡಿನಲ್ಲಿಟ್ಟಿದ್ದೇನೆ, ಇನ್ನು ಅದರ ಹೆಸರು ಎತ್ತುವಂತಿಲ್ಲ ಎಂದೂ ಸೇರಿಸಿದರು. ಗುಂಡಣ್ಣ ನನ್ನ ಮುಖ ನೋಡಿದ. ಇಡೀ ಪುಣೆಯಲ್ಲಿ ಅವನ ಮಾತು ನಿಜವೆಂದು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

"ವಯಸ್ಸಾತಲ್ರಿ ಅಣ್ಣಾ," ಎಂದೆ. "ಮುಂಜಾನಿ ಮಬ್ಬಿನ್ಯಾಗ ಏನೇನೋ ಕಂಡಂಗ ಆಗತದ."

ಈ ಮಾತನ್ನು ನಾನು ಆಡಿದೆ ಎಂದು ಬರೆಯುವುದಕ್ಕೂ ಈಗ ನಾಚಿಕೆ. ಆದರೆ ಆಡಿದೆ, ಮತ್ತು ಇನ್ನೊಂದು ತಟ್ಟೆ ಅವಲಕ್ಕಿಯನ್ನೂ ಹಾಕಿಸಿಕೊಂಡೆ. ಹೇಳಬೇಡವೆಂದಲ್ಲ, ಮುಂದಿನ ರವಿವಾರ ಹೇಳೋಣ ಎಂದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಲಿ. ಸಿಟ್ಟು ಇಳಿಯಲಿ. ದೀಪಾವಳಿ ಕಳೆಯಲಿ. ಸಬೂಬು ಹುಡುಕುವುದರಲ್ಲಿ ನಾನು ಎಷ್ಟು ನುರಿತವನೆಂದು ಆಗ ಗೊತ್ತಾಯಿತು. ಬೆಳಗ್ಗೆ ಆ ತಿರುವು ಬಿಟ್ಟು ಸುತ್ತುಬಳಸಿನ ದಾರಿ ಹಿಡಿದೆ. ದೀಪ ಮಾತ್ರ ಬಿಚ್ಚಲಿಲ್ಲ.

ನಾಲ್ಕು ರವಿವಾರ ಹೀಗೇ ಹೋದವು. ಅಷ್ಟರಲ್ಲಿ ವೈನಿ ಅವನನ್ನು ಕಣ್ಣಿನ ಡಾಕ್ಟರ ಬಳಿ ಒಯ್ದರು. ಕಣ್ಣು ಸ್ವಚ್ಛ ಇದೆ ಎಂದರಂತೆ ಡಾಕ್ಟರು. ಖುಷಿಪಡಬೇಕಾದ ವೈನಿ ಇನ್ನಷ್ಟು ಗಾಬರಿಯಾದರು. ಕಣ್ಣಲ್ಲಿ ದೋಷವಿಲ್ಲವೆಂದರೆ ತಲೆಯಲ್ಲೇ ಇರಬೇಕಲ್ಲ. ಗುಂಡಣ್ಣ ಮೊದಲ ವಾರ ಜಗಳಾಡಿದ, ಎರಡನೆಯ ವಾರ ಗೊಣಗಿದ, ಮೂರನೆಯ ವಾರ ಸುಮ್ಮನಾದ. ನಾಲ್ಕನೆಯ ವಾರ ಬಾಗಿಲವರೆಗೆ ನನ್ನನ್ನು ಬಿಡಲು ಬಂದವನು ಗೋಡೆ ಹಿಡಿದು ಮೆಟ್ಟಿಲಿಳಿದ. ಮುರಿದದ್ದು ಕೈ, ಗೋಡೆ ಹಿಡಿಯುವ ಕಾರಣವೇ ಇರಲಿಲ್ಲ. ಸೈಕಲ್ಲು ತೆಗೆದುಕೊಂಡು ಹೋಗು, ನಿನ್ನ ಶೆಡ್ಡಿನಲ್ಲಿ ಯಾರಿಗಾದರೂ ಉಪಯೋಗವಾಗಲಿ, ನಾಳೆ ಸಂಜೆ ಗಾಡಿ ತಾ ಎಂದ. 

ಮರುದಿನ ಪಿಕಪ್ ಒಯ್ದೆ. ಇನ್ನೂ ಬೆಳಕಿತ್ತು, ದೀಪ ಹಚ್ಚುವ ಪ್ರಸಂಗವೇ ಇರಲಿಲ್ಲ. ಹಚ್ಚದಿದ್ದರೆ ಉಂಗುರವೂ ಕಾಣುವುದಿಲ್ಲ. ಸೈಕಲ್ ಏರಿಸಿ ಹಗ್ಗ ಬಿಗಿದು ನಾನು ಪಾರಾಗಬಹುದಿತ್ತು. ಏರಿಸಿದೆ, ಬಿಗಿದೆ ಕೂಡ. ಗುಂಡಣ್ಣ ಎಡಗೈಯಿಂದ ಅದರ ಸೀಟಿನ ಧೂಳು ಒರೆಸಿದ. "ಇನ್ನ ನನ್ನ ಕೈಲೆ ಆಗೂದಿಲ್ಲ ಬಿಡು," ಎಂದ. ಈ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅದು ಅವನ ಮಾತಲ್ಲ, ನಾಲ್ಕು ರವಿವಾರ ಕೂತು ನಾನೇ ಅವನಿಗೆ ಕಲಿಸಿದ ಮಾತು.

ನನಗೆ ಬಾಯಿಂದ ಹೇಳಲು ಧೈರ್ಯವಾಗಲಿಲ್ಲ. ಗಾಡಿಯ ಮುಂದೆ ಬಂದು ನಿಲ್ಲಿರಿ ಎಂದೆ, ವೈನಿಯನ್ನೂ ಕರೆದೆ. ಒಳಗೆ ಕೂತು ದೀಪದ ಗುಂಡಿ ಒತ್ತಿದೆ.

ಗಾಜಿನ ಈಚೆಯಿಂದ ಅವರ ಮುಖ ನೋಡುತ್ತಿದ್ದೆ. ವೈನಿ ಸೆರಗು ಅಡ್ಡ ಹಿಡಿದರು. ಗುಂಡಣ್ಣ ಕದಲಲಿಲ್ಲ, ಬಗ್ಗಿ ಒಂದು ಉಂಗುರ ನೋಡಿದ, ಆಮೇಲೆ ಇನ್ನೊಂದು. ನಂತರ ಪ್ಲಾಸ್ಟರಿನ ಕೈಯನ್ನೇ ಬಾನೆಟ್ಟಿನ ಮೇಲೆ ಕುಟ್ಟಿ, "ಇವೇ, ನೋಡು! ಇವೇ!" ಎಂದು ಹೆಂಡತಿಗೆ ತೋರಿಸಿದ. ಕಳೆದುಹೋದ ಸಾಮಾನು ಸಿಕ್ಕಿದವನ ಹಾಗೆ ನಗುತ್ತಿದ್ದ. ವೈನಿ ಒಳಗೆ ಹೋಗಿ, ಕೀಲಿ ತಂದು ಅವನ ಎಡಗೈಯಲ್ಲಿಟ್ಟರು. ನನ್ನ ಕಡೆ ನೋಡಲಿಲ್ಲ.

ನಾನು ಇಳಿದು ಹಗ್ಗ ಬಿಚ್ಚತೊಡಗಿದೆ. ಖಂಡೇನವಮಿ, ತೊಳೆದ ಗಾಡಿ, ಮಿಸ್ತ್ರಿ ಎಂದು ಏನೇನೋ ಬಡಬಡಿಸಿದೆ. ಗುಂಡಣ್ಣನ ನಗು ಅಷ್ಟರಲ್ಲಿ ಆರಿತ್ತು.

"ನೀ ನನ್ನ ಬೀಳಿಸಿದ್ದು ಬಿಡು, ಯಾರರೆ ಬೀಳಿಸ್ತಿದ್ರು," ಎಂದ. "ನಾ ಮುದುಕ ಆಗೇನಿ ಅಂತ ನನಗಽ ನಂಬಿಸಿದ್ಯಲ್ಲ ತಮ್ಮಾ. ನನ್ನ ಮುಂದ ಕೂತು ಅವಲಕ್ಕಿ ತಿನಕೋತ ನಂಬಿಸಿದಿ."

ನನಗೆ ಅಳು ಬಂತು. ಬೀದಿಯಲ್ಲಿ, ಕೈಯಲ್ಲಿ ಹಗ್ಗ ಹಿಡಿದು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಸೈಕಲ್ ಇಳಿಸು ಎಂದಷ್ಟೇ ಹೇಳಿದ.

ಮಾರನೆಯ ದಿನ ಪೆಟ್ಟಿಗೆ ತುಂಬಿಕೊಂಡೇ ಮಿಸ್ತ್ರಿಯ ಬಳಿ ಹೋದೆ. ಯಾಕೆ ಇಷ್ಟು ತಡ ಎಂದು ಅವನು ಕೇಳಲಿಲ್ಲ. ಗೋಡೆಯ ಮೇಲೆ ನನ್ನ ಬೆಳಕು ಬಿದ್ದ ಎತ್ತರ ನೋಡಿ, ಅಲ್ಲೇ ನಿಂತು ತನ್ನ ತಲೆಯನ್ನು ಮುಟ್ಟಿ ತೋರಿಸಿದ, ಅಷ್ಟೇ. ಮಾಲಿನ ಭಾರಕ್ಕೆ ಹೊಂದಿಸಿ ದೀಪವನ್ನು ತಗ್ಗಿಸಿದ. ಉಂಗುರಗಳ ತಂತಿಯನ್ನು ಕತ್ತರಿಸಿ ಹಾಕಿಸಿದೆ. ಈಗ ದೀಪ ರಸ್ತೆ ತೋರಿಸುತ್ತದೆ, ಹೆಚ್ಚಿಗೆ ಏನೂ ಮಾಡುವುದಿಲ್ಲ.

ಗುಂಡಣ್ಣ ಪ್ಲಾಸ್ಟರ್ ಬಿಚ್ಚಿದ ವಾರವೇ ಸೈಕಲ್ ಹತ್ತಿದ, ಇಂದಿಗೂ ಹತ್ತುತ್ತಾನೆ. ರವಿವಾರದ ಅವಲಕ್ಕಿಯೂ ತಪ್ಪಿಲ್ಲ. ವೈನಿ ಮೊದಲಿನಂತೆಯೇ ಬಡಿಸುತ್ತಾರೆ. ಎಲ್ಲ ಸರಿಹೋಯಿತು ಎಂದು ಬರೆದು ಇಲ್ಲಿಗೇ ಮುಗಿಸಬೇಕು ಅನ್ನಿಸುತ್ತದೆ. ಆದರೆ ಮೊನ್ನೆ ರವಿವಾರ ಹೋದಾಗ ಅವನು ಆಗಷ್ಟೇ ಸುತ್ತು ಮುಗಿಸಿ ಬಂದಿದ್ದ. ಎಪ್ಪತ್ತೈದು ತುಂಬಿದೆ, ಮುಖದಲ್ಲಿ ಬೆವರು, ಕಳೆಯೂ ಇತ್ತು. ಭಾಳ ಚಲೋ ಕಾಣುತ್ತೀರಿ ಅಣ್ಣಾ, ವಯಸ್ಸೇ ಗೊತ್ತಾಗುವುದಿಲ್ಲ ಎಂದೆ. ಮನಸಾರೆ ಅಂದ ಮಾತು ಅದು.

ಗುಂಡಣ್ಣ ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಅಡಿಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೇಳಿದ: "ಹೌದೇನ? ಇಂವ ಹೇಳೂದು ಖರೇನ?"